ಸಾಗಾಟವೂ ಒಂದು ಶಾಸ್ತ್ರ, ಅದು ಹುಟ್ಟಿದ್ದು ರೈತನ ಮಾಲಿನಿಂದ

ನಮ್ಮ ಮನೆ ಟ್ರಂಕಿನಲ್ಲಿ ಪಹಣಿ, ಪಾಸ್‌ಬುಕ್ಕುಗಳ ಜೊತೆ ಒಂದು ಬಿಳಿ ಚೀಟಿ ಇದೆ. 2018ರಲ್ಲಿ ಬೆಂಗಳೂರಿನ ಮಂಡಿಯೊಂದಕ್ಕೆ ಈರುಳ್ಳಿ ಹಾಕಿದಾಗ ಕೊಟ್ಟ ಲೆಕ್ಕದ ಚೀಟಿ ಅದು. ಅದರ ಮೇಲೆ ಅಂಗಡಿ ಹೆಸರಿಲ್ಲ, ನಂಬರಿಲ್ಲ, ಸಹಿಯೂ ಇಲ್ಲ. ಹರಿದು ಬಿಸಾಡೋಣ ಅಂತ ಎಷ್ಟೋ ಸಲ ಕೈ ಹಾಕಿದ್ದೇನೆ. ಬಿಸಾಡಲಿಲ್ಲ, ಒಳ್ಳೆಯದೇ ಆಯ್ತು.

ನಮ್ಮದು ಹಿರಿಯೂರು ತಾಲ್ಲೂಕು, ಮಳೆ ನಂಬಿದ ಕೆಂಪು ನೆಲ. ಆ ವರ್ಷ ಒಂದೂವರೆ ಎಕರೆಗೆ ಈರುಳ್ಳಿ ಹಾಕಿದ್ದೆ. 120 ಚೀಲ ಆಯ್ತು. ಊರಲ್ಲಿ ತೂಗಿದಾಗ ಚೀಲಕ್ಕೆ 55 ಕಿಲೋ, ಒಟ್ಟು 66 ಕ್ವಿಂಟಾಲ್. ಚೀಟಿಯ ಲೆಕ್ಕ ಹೀಗಿದೆ:

ಮಂಡಿಯಲ್ಲಿ ಹಿಡಿದ ತೂಕ ಚೀಲಕ್ಕೆ 52 ಕಿಲೋ. ದಾರಿಯಲ್ಲಿ ಒಣಗಿದ್ದು ಸ್ವಲ್ಪ, ಉಳಿದದ್ದು ಅವರು ತೆಗೆದ ಸೂಟು. 9 ಚೀಲ ಕೊಳೆತಿದೆ ಅಂತ ಪಕ್ಕಕ್ಕೆ ಇಟ್ಟರು, ಅದಕ್ಕೆ ಕಾಸಿಲ್ಲ. ಉಳಿದ 111 ಚೀಲಕ್ಕೆ ಕಿಲೋಗೆ 6 ರೂಪಾಯಿಯಂತೆ 34,632 ರೂ. ಅದರಲ್ಲಿ ಕಮಿಷನ್ ಅಂತ ನೂರಕ್ಕೆ ಹತ್ತು, 3,463 ರೂ. ಹಮಾಲಿ 1,440 ರೂ. ಲಾರಿ ಬಾಡಿಗೆ ಚೀಲಕ್ಕೆ 50ರಂತೆ 6,000 ರೂ. ನನ್ನ ಕೈಗೆ ಬಂದದ್ದು 23,729 ರೂ.

ಊರಿಗೆ ಬಂದು ಉಳಿದ ಲೆಕ್ಕ ಬರೆದೆ. ಖಾಲಿ ಚೀಲಕ್ಕೆ 3,600, ಸೊಪ್ಪು ಕೊಯ್ದು ತುಂಬಿದ ಹೆಣ್ಣಾಳುಗಳ ಕೂಲಿ 7,200, ಲಾರಿಗೆ ಏರಿಸಿದ್ದಕ್ಕೆ 960. ಇಷ್ಟು ಕಳೆದರೆ ಉಳಿದದ್ದು 11,969 ರೂ. ಕಿಲೋ ಲೆಕ್ಕದಲ್ಲಿ 1 ರೂಪಾಯಿ 81 ಪೈಸೆ. ಬೀಜ, ಗೊಬ್ಬರ, ಕಳೆ, ಔಷಧಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದು ಮೂವತ್ತು ಸಾವಿರ ದಾಟಿತ್ತು. ಅದೇ ವಾರ ಬೆಂಗಳೂರಿನಲ್ಲಿರುವ ನನ್ನ ತಮ್ಮ ತಳ್ಳುಗಾಡಿಯಲ್ಲಿ ಕಿಲೋಗೆ 18 ರೂಪಾಯಿ ಕೊಟ್ಟು ಈರುಳ್ಳಿ ತಂದಿದ್ದ.

ಹದಿನೆಂಟು ಎಲ್ಲಿ, ಒಂದು ಎಂಬತ್ತೊಂದು ಎಲ್ಲಿ? ನಡುವೆ ಇರುವುದು ಇನ್ನೂರು ಕಿಲೋಮೀಟರೂ ಇಲ್ಲದ ಟಾರು ರಸ್ತೆ. ಬಾಯಿಗೆ ಬಂದಂತೆ ದಲ್ಲಾಳಿಯನ್ನು ಬೈದು ಸುಮ್ಮನಾದೆ. ನಾವೆಲ್ಲ ಮಾಡುವುದು ಅಷ್ಟೇ ತಾನೆ?

ಮಗಳ ಪುಸ್ತಕದಲ್ಲಿ ನಮ್ಮ ಚೀಟಿ

ಆಮೇಲೆ ನನ್ನ ಮಗಳು ದಾವಣಗೆರೆಯಲ್ಲಿ ಎಂಬಿಎ ಓದಲು ಸೇರಿದಳು. ನಾನು ಏಳನೇ ಕ್ಲಾಸು. ಅವಳ ಪುಸ್ತಕದ ಹೆಸರೂ ನನಗೆ ಓದಲು ಬರುವುದಿಲ್ಲ. ಒಂದು ರಜೆಯಲ್ಲಿ ಜಗುಲಿಯ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದವಳು, 'ಅಪ್ಪಾ, ನಿನ್ನ ಚೀಟಿ ತಗೊಂಬಾ, ಅದು ನಮ್ಮ ಪುಸ್ತಕದಲ್ಲಿದೆ' ಅಂದಳು.

'ಏನವ್ವ ತಮಾಷೆ ಮಾಡ್ತೀಯಾ?' ಅಂದೆ.

'ಇಲ್ಲಪ್ಪ. ಇದಕ್ಕೆ ಲಾಜಿಸ್ಟಿಕ್ಸ್, ಸಪ್ಲೈ ಚೈನ್ ಅಂತಾರೆ. ಮಾಲು ಹುಟ್ಟಿದ ಜಾಗದಿಂದ ಬಳಸೋರ ಕೈ ಸೇರೋವರೆಗೆ ಎಲ್ಲೆಲ್ಲಿ ಏನು ಖರ್ಚು, ಏನು ನಷ್ಟ, ಯಾಕೆ ಅಂತ ನೋಡೋ ಶಾಸ್ತ್ರ. ಅದು ಮೊದಲು ಶುರುವಾಗಿದ್ದೇ ರೈತರ ಮಾಲಿನಿಂದ.'

ಅವಳು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದ್ದನ್ನು ನಾನು ನನ್ನ ಹೊಲದ ಲೆಕ್ಕಕ್ಕೆ ಹೊಂದಿಸಿ ಇಲ್ಲಿ ಬರೆದಿದ್ದೇನೆ.

ಸಾಗಾಟ ಹಳೆಯದು, ಅದರ ಶಾಸ್ತ್ರ ಹೊಸದು

ದೂರಕ್ಕೆ ಮಾಲು ಸಾಗಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯನ್ನೇ ನೋಡಿ. 1929ರಲ್ಲಿ ಡಾ. ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿ ನೋಡಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಆ ಜಾಗದಲ್ಲಿ ಸಿಕ್ಕಿವೆ. ಎರಡು ಸಾವಿರ ವರ್ಷದ ಕೆಳಗೆ ಸಮುದ್ರದ ಆಚೆಯ ದುಡ್ಡು ಈ ಗುಡ್ಡಗಳ ನಡುವೆ ಬಂದಿತ್ತು ಎಂದರೆ, ಎಷ್ಟೋ ಕೈ ದಾಟಿ ಬಂದಿರಬೇಕು.

ಆಮೇಲಿನ ಕಾಲದಲ್ಲಿ ಲಂಬಾಣಿಗರು ಎತ್ತುಗಳ ಮೇಲೆ ಹೇರು ಹೇರಿ ದವಸ, ಉಪ್ಪು ಸಾಗಿಸುತ್ತಿದ್ದರು. ರಾಜರ ದಂಡುಗಳಿಗೆ ಕಾಳು ಒದಗಿಸುತ್ತಿದ್ದವರೂ ಅವರೇ. 1791-92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ಸೈನ್ಯದ ಹೊಟ್ಟೆ ತುಂಬಿಸಲೂ ಇಂಥ ಎತ್ತಿನ ಹಿಂಡುಗಳೇ ಬೇಕಾದವು. ಲಾಜಿಸ್ಟಿಕ್ಸ್ ಎಂಬ ಮಾತೂ ದಂಡಿನದೇ. ಸೈನ್ಯಕ್ಕೆ ಊಟ, ಮದ್ದು, ಬಿಡಾರ ಹೊಂದಿಸುವ ಕೆಲಸಕ್ಕೆ ಆ ಹೆಸರಿತ್ತು.

ಇದೆಲ್ಲ ಮಾಡಿದ್ದಾಯ್ತು. ಆದರೆ ಕೂತು ಲೆಕ್ಕ ಹಾಕಿದವರು ಯಾರು? ಮಗಳ ಪುಸ್ತಕದ ಪ್ರಕಾರ 1901ರಲ್ಲಿ ಅಮೆರಿಕದಲ್ಲಿ ಜಾನ್ ಕ್ರೊವೆಲ್ ಎಂಬಾತ ಅಲ್ಲಿನ ಸರ್ಕಾರದ ಆಯೋಗಕ್ಕೆ ಒಂದು ವರದಿ ಬರೆದ. ವಿಷಯ, ರೈತರ ಉತ್ಪನ್ನಗಳ ವಿತರಣೆ. ಹೊಲದಿಂದ ತಿನ್ನುವವರ ತನಕ ಯಾವ ಖರ್ಚು ಎಲ್ಲಿ ಬೀಳುತ್ತದೆ, ಯಾವ ಕಾರಣಕ್ಕೆ ಬೀಳುತ್ತದೆ ಎಂಬುದು. ಈ ಶಾಸ್ತ್ರದ ಮೊದಲ ಬರಹ ಅದೇ ಎಂದು ಹೇಳುತ್ತಾರೆ.

1916ರಲ್ಲಿ ಎಲ್.ಡಿ.ಎಚ್. ವೆಲ್ಡ್ ಎಂಬ ಮೇಷ್ಟ್ರು 'ರೈತರ ಮಾಲಿನ ಮಾರಾಟ'ದ ಬಗ್ಗೆಯೇ ಒಂದು ಪುಸ್ತಕ ಬರೆದರು. ಮಿನ್ನೆಸೋಟ ಎಂಬ ರಾಜ್ಯದ ಹಳ್ಳಿಗಳಿಂದ ಹೊರಟ ಬೆಣ್ಣೆ, ಮೊಟ್ಟೆ ದೊಡ್ಡ ಪಟ್ಟಣಗಳಲ್ಲಿ ಯಾರ್ಯಾರ ಕೈಗೆ ಹೋಗುತ್ತದೆ ಅಂತ ಬೆನ್ನು ಹತ್ತಿ ನೋಡಿದವರು ಅವರು. ಅವರು ಹೇಳಿದ್ದರ ತಿರುಳು ನನಗೆ ಮೊದಲು ಕಹಿಯಾಗಿ ಕಂಡಿತು. ಮಧ್ಯದವನನ್ನು ತೆಗೆದುಹಾಕಬಹುದು, ಆದರೆ ಅವನು ಮಾಡುವ ಕೆಲಸವನ್ನು ತೆಗೆದುಹಾಕಲು ಆಗುವುದಿಲ್ಲ. ಕೂಡಿಹಾಕುವುದು, ವಿಂಗಡಿಸುವುದು, ಸಾಗಿಸುವುದು, ಕೊಳ್ಳುವವನನ್ನು ಹುಡುಕುವುದು, ದುಡ್ಡು ಮುಳುಗಿದರೆ ಹೊರುವುದು, ಇವನ್ನೆಲ್ಲ ಯಾರಾದರೂ ಮಾಡಲೇಬೇಕು.

ಯೋಚನೆ ಮಾಡಿದರೆ ಸರಿಯೇ. ದಲ್ಲಾಳಿ ಬೇಡ ಅಂತ ನಾನೇ ಬೆಂಗಳೂರಿನ ಬೀದಿಯಲ್ಲಿ 120 ಚೀಲ ಮಾರಲು ನಿಂತರೆ ಹೊಲದ ಗತಿ ಏನು? ಹಾಗಾಗಿ 'ದಲ್ಲಾಳಿ ಬೇಕೋ ಬೇಡವೋ' ಎಂದು ಕೇಳಿ ಉಪಯೋಗವಿಲ್ಲ. ಅವನು ಮಾಡುವ ಯಾವ ಕೆಲಸ ನಾವು ಮಾಡಿಕೊಳ್ಳಬಹುದು, ಉಳಿದದ್ದಕ್ಕೆ ಎಷ್ಟು ಕೊಡುವುದು ನ್ಯಾಯ ಎಂದು ಕೇಳಬೇಕು.

ಒಂದು ಖರ್ಚು ಇಳಿಸಿದರೆ ಇನ್ನೊಂದು ಏರುತ್ತದೆ

ಎರಡನೇ ಮಹಾಯುದ್ಧದಲ್ಲಿ ಸೈನ್ಯಗಳಿಗೆ ಸಾಮಾನು ಸಾಗಿಸಲು ಗಣಿತ ಬಲ್ಲವರನ್ನು ಕೂರಿಸಿಕೊಂಡರು. ಯುದ್ಧ ಮುಗಿದ ಮೇಲೆ ಆ ಲೆಕ್ಕಾಚಾರ ಕಂಪನಿಗಳಿಗೆ ಬಂತು. 1956ರಲ್ಲಿ ಅಮೆರಿಕದ ಮೂವರು ಪಂಡಿತರು ವಿಮಾನದಲ್ಲಿ ಸರಕು ಸಾಗಿಸುವ ಬಗ್ಗೆ ಒಂದು ಅಧ್ಯಯನ ಬರೆದರು. ವಿಮಾನದ ಬಾಡಿಗೆ ಲಾರಿಗಿಂತ ಎಷ್ಟೋ ದುಬಾರಿ. ಆದರೂ ಕೆಲವು ಮಾಲಿಗೆ ಅದೇ ಅಗ್ಗ ಆಗಬಹುದು ಎಂದರು. ಯಾಕೆಂದರೆ ಬೇಗ ತಲುಪಿದರೆ ಗೋದಾಮು ಬೇಕಿಲ್ಲ, ದಾಸ್ತಾನಿನಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳುವುದಿಲ್ಲ. ಬಾಡಿಗೆ ಒಂದನ್ನೇ ನೋಡಬೇಡಿ, ಮೊದಲಿಂದ ಕೊನೆತನಕದ ಒಟ್ಟು ಖರ್ಚು ನೋಡಿ ಎಂಬುದು ಅವರ ಮಾತು. ಈ ಶಾಸ್ತ್ರದ ದೊಡ್ಡ ತಿರುವು ಅದು. ಅದೇ 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ 58 ಲೋಹದ ಪೆಟ್ಟಿಗೆಗಳನ್ನು ಸರಕು ತುಂಬಿದ ಹಾಗೆಯೇ ಹಡಗಿಗೆ ಏರಿಸಿ ಕಳಿಸಿದ. ಚೀಲ ಚೀಲ ಇಳಿಸಿ ಏರಿಸುವ ಖರ್ಚು, ಕಳವು, ಒಡೆತ ಉಳಿಯಿತು. ಇವತ್ತಿನ ಕಂಟೈನರ್ ಬೆಳೆದದ್ದು ಹಾಗೆ.

1962ರಲ್ಲಿ ಪೀಟರ್ ಡ್ರಕರ್ ಎಂಬ ದೊಡ್ಡ ಲೇಖಕರು ವಿತರಣೆಯ ಕ್ಷೇತ್ರವನ್ನು ಯಾರೂ ಹೊಕ್ಕು ನೋಡದ ಕತ್ತಲ ಖಂಡ ಅಂತ ಕರೆದರು. ಮರುವರ್ಷ, 1963ರಲ್ಲಿ, ಈ ಕೆಲಸದವರೆಲ್ಲ ಸೇರಿ ಅಮೆರಿಕದಲ್ಲಿ ಒಂದು ಸಂಘ ಕಟ್ಟಿದರು. ಮೊದಲು ಅದರ ಹೆಸರಿನಲ್ಲಿ 'ಸರಕು ವಿತರಣೆ' ಇತ್ತು. 1985ರಲ್ಲಿ 'ಲಾಜಿಸ್ಟಿಕ್ಸ್' ಆಯ್ತು. 2005ರಲ್ಲಿ 'ಸಪ್ಲೈ ಚೈನ್' ಆಯ್ತು. ಹೆಸರು ಬದಲಾದಂತೆ ನೋಟವೂ ಅಗಲವಾಯಿತು. ಮೊದಲು ಲಾರಿ, ಗೋದಾಮು ಮಾತ್ರ. ಆಮೇಲೆ ಒಂದು ಕಂಪನಿಯ ಒಳಗಿನ ಎಲ್ಲ ಓಡಾಟ. ಕೊನೆಗೆ ಬೆಳೆಯುವವನಿಂದ ಬಳಸುವವನ ತನಕ ಇಡೀ ಸರಪಳಿ. ಸರಪಳಿಯಲ್ಲಿ ಒಂದು ಕೊಂಡಿ ಸೋತರೆ ಎಲ್ಲವೂ ಸೋತಂತೆ.

ಇದನ್ನು ಕೇಳಿದ ಮೇಲೆ ಚೀಟಿಯನ್ನು ಮತ್ತೆ ನೋಡಿದೆ. ಆ ವರ್ಷ ಕೂಲಿ ಉಳಿಸಲು ನಾನು ಕಿತ್ತ ಎರಡೇ ದಿನಕ್ಕೆ ಸೊಪ್ಪು ಕೊಯ್ಸಿ ಚೀಲ ತುಂಬಿಸಿದ್ದೆ. ದಪ್ಪ, ಸಣ್ಣ, ಜೋಡುಗಡ್ಡೆ ಎಲ್ಲ ಒಂದರಲ್ಲೇ. ಹಸಿ ಕತ್ತು ಆರಿರಲಿಲ್ಲ. ಆ ಉಳಿತಾಯವೇ 9 ಚೀಲ ಕೊಳೆಯುವಂತೆ ಮಾಡಿತು. ತಪ್ಪು ಮಂಡಿಯದು ಮಾತ್ರ ಅಲ್ಲ, ಮೊದಲ ಕೊಂಡಿಯಾದ ನನ್ನದೂ ಇತ್ತು.

ಚಾಟಿಯ ತುದಿಯಲ್ಲಿ ರೈತ

ಇನ್ನೊಂದು ವಿಷಯ ನನ್ನ ಕಣ್ಣು ತೆರೆಸಿತು. 1961ರಲ್ಲಿ ಜೇ ಫಾರೆಸ್ಟರ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು ಇದು. ಅಂಗಡಿಯಲ್ಲಿ ಬೇಡಿಕೆ ಸ್ವಲ್ಪ ಏರಿದರೆ, ಅಂಗಡಿಯವನು ಸಗಟು ವ್ಯಾಪಾರಿಗೆ ಅದಕ್ಕಿಂತ ಹೆಚ್ಚು ಆರ್ಡರ್ ಕೊಡುತ್ತಾನೆ. ಅವನು ಕಾರ್ಖಾನೆಗೆ ಇನ್ನೂ ಹೆಚ್ಚು. ಮಾಲು ತಯಾರಾಗಿ ಬರುವ ಹೊತ್ತಿಗೆ ಬೇಡಿಕೆ ಮೊದಲಿನಂತೆ ಆಗಿರುತ್ತದೆ, ಮಾಲು ರಾಶಿ ಬೀಳುತ್ತದೆ.

1997ರಲ್ಲಿ ಲೀ, ಪದ್ಮನಾಭನ್, ವಾಂಗ್ ಎಂಬ ಮೂವರು ಇದಕ್ಕೆ ಕಾರಣ ಬಿಡಿಸಿ ಬರೆದರು. ಅವರು ಕೊಟ್ಟ ಉದಾಹರಣೆ ಮಕ್ಕಳಿಗೆ ಕಟ್ಟುವ ಡೈಪರ್‌ನದು. ಮಕ್ಕಳು ದಿನಾ ಒಂದೇ ಲೆಕ್ಕದಲ್ಲಿ ಒದ್ದೆ ಮಾಡುತ್ತವೆ. ಆದರೆ ಕಂಪನಿಗೆ ಬರುವ ಆರ್ಡರ್ ಮಾತ್ರ ಒಮ್ಮೆ ಆಕಾಶಕ್ಕೆ, ಒಮ್ಮೆ ಪಾತಾಳಕ್ಕೆ! ಇದಕ್ಕೆ ಅವರು ಚಾಟಿ ಏಟಿನ ಹೆಸರಿಟ್ಟಿದ್ದಾರೆ. ಎತ್ತು ಹೊಡೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೈ ಒಂದು ಗೇಣು ಆಡಿದರೆ ಚಾಟಿಯ ತುದಿ ಒಂದು ಮಾರು ಆಡುತ್ತದೆ.

ಈರುಳ್ಳಿಯಲ್ಲಿ ನಡೆಯುವುದೂ ಇದೇ ಅಲ್ಲವೇ? ಜನ ತಿನ್ನುವುದು ವರ್ಷವೆಲ್ಲ ಹೆಚ್ಚು ಕಡಿಮೆ ಒಂದೇ ಸಮ. 2019ರ ಕೊನೆಯಲ್ಲಿ ಅಂಗಡಿಯಲ್ಲಿ ಕಿಲೋ ನೂರು ರೂಪಾಯಿ ದಾಟಿತು. ಆಗ ನಮ್ಮ ಊರಲ್ಲಿ ಈರುಳ್ಳಿ ಮುಖ ನೋಡದವರೂ ಬೀಜ ಹುಡುಕಿಕೊಂಡು ಹೊರಟರು. ನಾವು ನೋಡಿದ್ದು ಹೋದ ವರ್ಷದ ದರ, ಮಾರುವುದು ಬರುವ ವರ್ಷದ ಸಂತೆಯಲ್ಲಿ. ಎಲ್ಲರೂ ಒಂದೇ ದರ ನೋಡಿ ಬಿತ್ತಿದರೆ ಎಲ್ಲರ ಗಡ್ಡೆಯೂ ಒಂದೇ ತಿಂಗಳು ಬರುತ್ತದೆ. ಇದನ್ನು 1938ರಲ್ಲೇ ಅಮೆರಿಕದ ಕೃಷಿ ಅರ್ಥಶಾಸ್ತ್ರಜ್ಞ ಎಝೆಕಿಯೆಲ್ ಜೇಡರ ಬಲೆಯ ಸಿದ್ಧಾಂತ ಅಂತ ವಿವರಿಸಿ ಬರೆದಿದ್ದಾರಂತೆ. ಬಲೆಯಲ್ಲಿ ಸಿಕ್ಕ ಹುಳ ಯಾರು ಅಂತ ಹೇಳಬೇಕಾಗಿಲ್ಲ.

ಇದರ ಮೇಲೆ ದಿಲ್ಲಿಯಿಂದ ಬರುವ ಏಟು ಬೇರೆ. 2019ರ ಸೆಪ್ಟೆಂಬರ್‌ನಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, 2023ರ ಡಿಸೆಂಬರ್‌ನಲ್ಲಿ ರಫ್ತು ನಿಲ್ಲಿಸಿದರು. ನಾವು ರಫ್ತು ಮಾಡುವವರಲ್ಲ. ಆದರೂ ನಾಸಿಕದ ಮಾಲು ಹೊರಗೆ ಹೋಗದೆ ಉಳಿದರೆ ಅದರ ಬಿಸಿ ನಮ್ಮ ಚೀಲಕ್ಕೂ ತಟ್ಟುತ್ತದೆ. 2020ರ ಮಾರ್ಚ್ ಲಾಕ್‌ಡೌನ್‌ನಲ್ಲಂತೂ ಸರಪಳಿ ಎಂದರೇನು ಅಂತ ಎಲ್ಲರಿಗೂ ಗೊತ್ತಾಯ್ತು. ಮಾಲು ಇತ್ತು, ತಿನ್ನುವವರೂ ಇದ್ದರು, ನಡುವಿನ ಕೊಂಡಿ ಕಳಚಿತ್ತು.

ಹಾಲಿಗೆ ಆದದ್ದು ಈರುಳ್ಳಿಗೆ ಯಾಕಿಲ್ಲ?

ಮಗಳು ಇಷ್ಟೆಲ್ಲ ಹೇಳಿದಾಗ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: 'ನಾನು ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರ್ತೀನಿ. ಅದು ನಾಕು ಗಂಟೆ ಬಿಟ್ರೆ ಒಡೀತದೆ. ಅದಕ್ಕೆ ದುಡ್ಡು ಬರ್ತದೆ. ಎರಡು ತಿಂಗಳು ಇಡಬಹುದಾದ ನಿಮ್ಮ ಈರುಳ್ಳಿಗೆ ಯಾಕೆ ಬರಲ್ಲ?'

ಎಂಬಿಎ ಓದುವವಳೂ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಮೂವರೂ ಕೂತು ಉತ್ತರ ಹುಡುಕಿದೆವು. ಡೈರಿಯಲ್ಲಿ ಅಳತೆ ನಮ್ಮ ಕಣ್ಣ ಮುಂದೆ. ಜಿಡ್ಡು ನೋಡಿ ದರ, ಗುಣಕ್ಕೆ ತಕ್ಕ ಬೆಲೆ. ಊರಿನ ಸಂಘ, ಮೂರು ಜಿಲ್ಲೆಗೆ ಸೇರಿದ ಶಿವಮೊಗ್ಗ ಹಾಲು ಒಕ್ಕೂಟ, ಅದರ ಮೇಲೆ ಕೆಎಂಎಫ್, ಎಲ್ಲವೂ ಒಂದೇ ಸರಪಳಿ. ನಂದಿನಿ ಪ್ಯಾಕೆಟ್ಟು ಎಷ್ಟು ಖರ್ಚಾಯ್ತು ಎಂಬುದು ಮೇಲಿನವರಿಗೆ ದಿನಾ ಗೊತ್ತಾಗುತ್ತದೆ. ಹಾಲು ಹೆಚ್ಚಾದರೆ ಪುಡಿ, ಬೆಣ್ಣೆ ಮಾಡುತ್ತಾರೆ. ಅಲ್ಲೂ ತಕರಾರು ಇಲ್ಲ ಅಂತಲ್ಲ, ದರ ಸಾಲದು ಎಂದು ನಾವೂ ಕೂಗುತ್ತೇವೆ. ಆದರೆ ಒಡೆಯುವ ಮಾಲಿಗೆ ದುಡ್ಡು ಬರುವ ಹಾಗೆ ಮಾಡಿದ್ದು ಯಾವ ಮಂತ್ರವೂ ಅಲ್ಲ. ಅಳತೆ, ವಿಂಗಡಣೆ, ಸುದ್ದಿ, ಒಗ್ಗಟ್ಟು, ಈ ನಾಲ್ಕೇ. ಪಂಡಿತರು ನೂರು ವರ್ಷ ಸಂಶೋಧನೆ ಮಾಡಿ ಹೇಳಿದ್ದೂ ಇಷ್ಟೇ.

ನಾವು ಮಾಡಿ ನೋಡಿದ್ದು

ಮುಂದಿನ ಈರುಳ್ಳಿಗೆ ನಾವು ಐದು ಮನೆಯವರು ಸೇರಿದೆವು. ಹೊಸ ಸಂಘ ಕಟ್ಟಲಿಲ್ಲ, ಮುಯ್ಯಾಳಿನ ಲೆಕ್ಕ ಅಷ್ಟೇ.

ಗಡ್ಡೆ ಕಿತ್ತ ಮೇಲೆ ಸೊಪ್ಪಿನ ಸಮೇತ ಹೊಲದಲ್ಲೇ ಸಾಲಾಗಿ ಹರಡಿ, ಒಂದರ ಗಡ್ಡೆಗೆ ಇನ್ನೊಂದರ ಸೊಪ್ಪು ಮುಚ್ಚುವಂತೆ ಒಣಗಿಸಿದೆವು. ಮೋಡ ಕಂಡರೆ ಹೊದಿಸಲು ಟಾರ್ಪಾಲು ಐವರ ನಡುವೆ ಎರಡು ತಂದೆವು. ಕತ್ತು ಒಂದು ಬೆರಳು ಅಗಲ ಬಿಟ್ಟು ಕೊಯ್ಸಿ, ಮತ್ತೆ ನೆರಳಲ್ಲಿ ಆರಿಸಿದೆವು. ಒಟ್ಟು ಎಂಟು ದಿನ ಹಿಡಿಯಿತು. ದಪ್ಪ, ನಡುವಣ, ಸಣ್ಣ ಎಂದು ಮೂರು ಮಾಡಿ ಬೇರೆ ಬೇರೆ ಚೀಲ ತುಂಬಿದೆವು. ಒಂದು ದೊಡ್ಡ ಲಾರಿ ಪೂರ್ತಿ ತುಂಬಿ ಕಳಿಸಿದೆವು. ಐವರ ಪೈಕಿ ಇಬ್ಬರು ಜೊತೆಗೆ ಹೋದರು.

ನನ್ನ ಪಾಲು ಆ ಸಲವೂ 120 ಚೀಲವೇ ಇತ್ತು. ದರ ಬೇರೆ ಇತ್ತು, ಹೋಲಿಕೆಗಾಗಿ ಹಳೆಯ 6 ರೂಪಾಯಿಯಲ್ಲೇ ಲೆಕ್ಕ ಹೇಳುತ್ತೇನೆ. ವಿಂಗಡಿಸಲು ಚೀಲಕ್ಕೆ 20 ರೂಪಾಯಿಯಂತೆ 2,400 ರೂ. ಕೂಲಿ ಹೆಚ್ಚಾಯ್ತು. ಲಾರಿ ಬಾಡಿಗೆ ಚೀಲಕ್ಕೆ 50ರಿಂದ 38ಕ್ಕೆ ಇಳಿದು 1,440 ರೂ. ಉಳಿಯಿತು. ಕೊಳೆತ ಚೀಲ 9ರ ಬದಲು 2, ಅಂದರೆ 7 ಚೀಲಕ್ಕೆ 2,184 ರೂ. ಉಳಿಯಿತು. ತೂಕದ ಕಡಿತ ಚೀಲಕ್ಕೆ 3 ಕಿಲೋ ಬದಲು 2 ಕಿಲೋ ಆಗಿ ಸುಮಾರು 720 ರೂ. ಉಳಿಯಿತು. ಕೂಡಿ ಕಳೆದರೆ 1,944 ರೂ. ಲಾಭ. ದಪ್ಪ ಗಡ್ಡೆಗೆ ಸಿಕ್ಕ ಹೆಚ್ಚಿನ ದರ ಇದರಲ್ಲಿ ಸೇರಿಲ್ಲ.

ಕಮಿಷನ್ ವಿಷಯ ಬೇರೆಯೇ ಹೇಳಬೇಕು. ನಮ್ಮ ರಾಜ್ಯದ ಮಾರುಕಟ್ಟೆ ಕಾಯಿದೆ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಿಂದ ಹಿಡಿಯುವಂತಿಲ್ಲ. 2018ರಲ್ಲಿ ಒಬ್ಬನೇ ಹೋಗಿದ್ದೆ, ಕೇಳುವ ಧೈರ್ಯ ಬರಲಿಲ್ಲ. ಈ ಸಲ ಬೇರೆ ಮಂಡಿಯಲ್ಲಿ ಐದು ಮನೆಯ ಮಾಲು ಇಟ್ಟುಕೊಂಡು 'ಅಚ್ಚಿನ ಬಿಲ್ಲೇ ಕೊಡಿ' ಅಂತ ನಿಂತರು. ಕಮಿಷನ್ ಹಿಡಿಯಲಿಲ್ಲ. ಆದರೆ ಹಮಾಲಿಯನ್ನು ಸ್ವಲ್ಪ ಹೆಚ್ಚು ಬರೆದರು! ಪೂರ್ತಿ ಗೆದ್ದೆವು ಎನ್ನಲಾರೆ. ಒಬ್ಬನ ಬಾಯಿಗೂ ಐವರ ಬಾಯಿಗೂ ವ್ಯತ್ಯಾಸ ಇದೆ ಎಂದು ಮಾತ್ರ ಗೊತ್ತಾಯ್ತು.

ಓದುಗರಲ್ಲಿ ಎರಡು ಮಾತು

ನಮ್ಮ ಮುಂಗಾರಿನ ಈರುಳ್ಳಿ ಮಳೆಯಲ್ಲಿ ಬಲಿತದ್ದು, ನೀರಂಶ ಹೆಚ್ಚು, ಬೇಸಿಗೆ ಗಡ್ಡೆಯಂತೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಹಾಗಾಗಿ ಯಾರೋ ಹೇಳಿದರು ಅಂತ ದೊಡ್ಡ ಶೆಡ್ಡು ಕಟ್ಟಿ ಕಾಯುವ ಮೊದಲು ಯೋಚಿಸಿ. ಗಾಳಿಯಾಡುವ ಶೆಡ್ಡಿಗೆ ತೋಟಗಾರಿಕೆ ಇಲಾಖೆಯ ಸಹಾಯಧನ ಈಗ ಎಷ್ಟಿದೆ, ನಿಮ್ಮ ತಳಿಗೆ ಹೊಂದುತ್ತದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಳ್ಳಿ.

ದೇಶದ ಮಟ್ಟದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಲಾಜಿಸ್ಟಿಕ್ಸ್ ನೀತಿ ತಂದಿದೆ. ರೈತ ಉತ್ಪಾದಕ ಕಂಪನಿ ಕಟ್ಟಲು 2020ರಲ್ಲಿ ಯೋಜನೆ ತಂದಿದೆ. ಒಳ್ಳೆಯದೇ. ಲುಧಿಯಾನದ ಐಸಿಎಆರ್ ಸಂಸ್ಥೆ 2015ರಲ್ಲಿ ಹೇಳಿದಂತೆ, ನಮ್ಮ ದೇಶದ ಹಣ್ಣು ತರಕಾರಿಯಲ್ಲಿ ಬೆಳೆಗೆ ತಕ್ಕಂತೆ ನೂರಕ್ಕೆ ಸುಮಾರು 5ರಿಂದ 16 ಪಾಲು ಕೊಯ್ಲು ಮತ್ತು ಆಮೇಲಿನ ಹಂತಗಳಲ್ಲೇ ನಷ್ಟ. ಹೊಲದಲ್ಲಿ ಒಂದು ಚೀಲ ಹೆಚ್ಚು ಬೆಳೆಯಲು ನಾವು ಎಷ್ಟು ಗೊಬ್ಬರ ಸುರಿಯುತ್ತೇವೆ! ಬೆಳೆದ ಚೀಲ ಕೊಳೆಯದಂತೆ ನೋಡಿಕೊಂಡರೂ ಒಂದು ಚೀಲ ಹೆಚ್ಚು ಬೆಳೆದ ಹಾಗೆಯೇ.

ಮೊದಲು ಮಾಡಬೇಕಾದ್ದು ಸುಲಭ. ಒಂದು ನೋಟ್‌ಬುಕ್ ಇಡಿ. ಹೊಲದಿಂದ ಮಂಡಿವರೆಗೆ ಪ್ರತಿ ಕೈಯಲ್ಲೂ ಎಷ್ಟು ಹೋಯ್ತು, ಎಷ್ಟು ಕೊಳೆಯಿತು, ಎಷ್ಟು ಕಡಿತ ಎಂದು ಬರೆಯಿರಿ. ಅಮೆರಿಕದಲ್ಲಿ 1901ರಲ್ಲಿ ಕ್ರೊವೆಲ್ ಮಾಡಿದ್ದು ಅದನ್ನೇ. ಏಳನೇ ಕ್ಲಾಸು ಓದಿದ ನನಗೆ ಸಾಧ್ಯವಾದದ್ದು ನಿಮಗೂ ಸಾಧ್ಯ.

ಬಿಳಿ ಚೀಟಿ ಈಗಲೂ ಟ್ರಂಕಿನಲ್ಲಿದೆ. ಅದರ ಪಕ್ಕದಲ್ಲಿ ಈಗ ಅಚ್ಚಿನ ಬಿಲ್ಲೂ ಇದೆ, ಹೆಸರು, ನಂಬರು, ಸಹಿ ಸಮೇತ. ನಿಮ್ಮಲ್ಲಿ ಯಾರಾದರೂ ಹೀಗೆ ಕೂಡಿ ಮಾಲು ಕಳಿಸಿದ್ದರೆ ಲೆಕ್ಕ ಸಹಿತ ಪತ್ರಿಕೆಗೆ ಬರೆಯಿರಿ. ಲಾಭವಾದದ್ದನ್ನು ಮಾತ್ರವಲ್ಲ, ಕೈಸುಟ್ಟುಕೊಂಡದ್ದನ್ನೂ ಬರೆಯಿರಿ. ನಮಗೆ ಎರಡೂ ಬೇಕು.